ಅಟ್ಟದ ಮೇಲಿನ ಹಳೆಯ ಕಂಪ್ಯೂಟರ್ ಮತ್ತು ಅಪರಿಗ್ರಹ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಅಟ್ಟವೆಂಬುದು ತಾಳ್ಮೆಯ ಸ್ಥಾನ. ಸುಲಿಯದ ಕಾಯಿಗಳನ್ನು ಅಲ್ಲಿ ಹತ್ತು-ಹನ್ನೆರಡು ತಿಂಗಳು ಇರಿಸಿದರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲುಗಿಸಿದಾಗ ಸದ್ದು ಮಾಡುವ ಉಂಡೆ ಕೊಬ್ಬರಿಯಾಗುತ್ತದೆ. ಈಚಿನ ವರ್ಷಗಳಲ್ಲಿ ಅದೇ ಅಟ್ಟದ ಮೂಲೆಯಲ್ಲಿ, ಹಳೆಯ ಬಟ್ಟೆ ಹೊದ್ದ ಕಂಪ್ಯೂಟರೊಂದು ಕುಳಿತಿರುವುದೂ ಅಪರೂಪವಲ್ಲ. ಕಾಯಿಗೆ ಕಾಲವು ಬೆಲೆಯನ್ನು ತಂದುಕೊಡುತ್ತದೆ. ಆ ಯಂತ್ರದ ಬೆಲೆಯನ್ನಾದರೋ ಕಾಲವು ಕಳೆಯುತ್ತಲೇ ಹೋಗುತ್ತದೆ.

ಇಂತಹ ಒಂದು ಶ್ರಾವಕರ ಮನೆಯನ್ನು ಕಣ್ಣಮುಂದೆ ತಂದುಕೊಳ್ಳಬಹುದು. ಮನೆಯ ಯಜಮಾನರು ಕೊಬ್ಬರಿ ಮಂಡಿಯ ಲೆಕ್ಕಗಳನ್ನೂ ಬಸದಿಯ ಜೀರ್ಣೋದ್ಧಾರದ ಪತ್ರಗಳನ್ನೂ ‘ನುಡಿ’ ತಂತ್ರಾಂಶದಲ್ಲಿ ತಾವೇ ಬೆರಳಚ್ಚು ಮಾಡುತ್ತಿದ್ದ ಯಂತ್ರವದು. ಅದರಲ್ಲಿರುವ ವಿಂಡೋಸ್ ಎಕ್ಸ್‌ಪಿಗೆ ತಯಾರಕರು 2014ರ ಏಪ್ರಿಲ್ 8ರಂದೇ ಬೆಂಬಲವನ್ನು ನಿಲ್ಲಿಸಿದರು. ಯಜಮಾನರು ಈಗಿಲ್ಲ. ಹೊಸ ಕಾಯಿಗೆ ಅಟ್ಟ ತೆರವು ಮಾಡುವಾಗ ಮಾತು ಏಳುತ್ತದೆ. ಮಗ, “ಗುಜರಿಯವನಿಗೆ ಹಾಕಿಬಿಡೋಣಮ್ಮ” ಎನ್ನುತ್ತಾನೆ. ಸೊಸೆ, “ಊರಿನ ಶಾಲೆಗೆ ಕೊಡೋಣ ಅತ್ತೆ, ಜ್ಞಾನದಾನವಾಗುತ್ತೆ” ಎನ್ನುತ್ತಾಳೆ. ತಾಯಿಯದು ಒಂದೇ ಮಾತು: “ಇರಲಿ ಬಿಡ್ರಪ್ಪ. ಅವರು ಕೂತು ಬರೀತಿದ್ದದ್ದು ಅದರ ಮುಂದೇನೇ.”

ಮೂವರ ಮಾತಿನಲ್ಲಿಯೂ ಒಂದೊಂದು ಸತ್ಯಾಂಶವಿದೆ. ಜಿನಧರ್ಮವು ಇವನ್ನು ಹೇಗೆ ತೂಗುತ್ತದೆ ಎಂಬುದು ವಿಚಾರಾರ್ಹ.

ಮೊದಲಿಗೆ, ಯಂತ್ರವು ಸ್ವತಃ ದೂಷ್ಯವಲ್ಲ. ಕಲ್ಪವೃಕ್ಷಗಳ ಕಾಲ ಮುಗಿದು ಜನರು ದಿಕ್ಕುಗೆಟ್ಟಾಗ ಭಗವಾನ್ ಆದಿನಾಥರು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಆರು ಜೀವನೋಪಾಯಗಳನ್ನು ಬೋಧಿಸಿದರೆಂದು ಪುರಾಣಗಳು ಹೇಳುತ್ತವೆ. ಮಸಿಯೆಂದರೆ ಬರವಣಿಗೆಯ ವೃತ್ತಿ. ಕಲ್ಪತರು ನಾಡೆನಿಸಿದ ಈ ಸೀಮೆಯ ಮಂಡಿಯಲ್ಲಿ ಲೆಕ್ಕ ಬರೆದ ಕಂಪ್ಯೂಟರು ಆ ಮಸಿಯ ಇಂದಿನ ರೂಪವಷ್ಟೇ. ಪ್ರಶ್ನೆಯಿರುವುದು ಅದನ್ನು ಬಳಸಿದ್ದರಲ್ಲಿ ಅಲ್ಲ, ಬಿಡುವ ಬಗೆಯಲ್ಲಿ.

ತಾಯಿಯ ಮಾತನ್ನು ನೋಡೋಣ. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವನ್ನು ವಸ್ತುವಿನ ಎಣಿಕೆಯಿಂದ ಹೇಳದೆ, ಮೂರ್ಛೆಯೆಂದು ಗುರುತಿಸುತ್ತಾರೆ. ‘ಇದು ನನ್ನದು’ ಎಂಬ ಭಾವದಲ್ಲಿ ಮನಸ್ಸು ಎಚ್ಚರ ತಪ್ಪುವುದೇ ಆ ಮೂರ್ಛೆ. ಬಾಹ್ಯ ಪರಿಗ್ರಹ 10 ಬಗೆಯದಾದರೆ ಅಂತರಂಗದ ಪರಿಗ್ರಹ 14 ಬಗೆಯದು, ಒಳಗಿನದೇ ಹೆಚ್ಚು. ಹಾಗೆಂದು ಪತಿಯ ನೆನಪನ್ನು ಗೌರವಿಸುವ ತಾಯಿಯನ್ನು ಲೋಭಿಯೆಂದು ಕರೆಯುವುದು ಅವಿವೇಕ. ಆಕೆಗೆ ಕೇಳಬೇಕಾದ ಪ್ರಶ್ನೆ ಮೃದುವಾದದ್ದು: ನೆನಪಿರುವುದು ತಗಡಿನ ಪೆಟ್ಟಿಗೆಯಲ್ಲೋ, ಅವರು ಬರೆದ ಅಕ್ಷರಗಳಲ್ಲೋ? ಅಕ್ಷರಗಳಲ್ಲಿ ಎಂದಾದರೆ ಪೆಟ್ಟಿಗೆಯನ್ನು ಅಟ್ಟದಲ್ಲಿ ಇರಿಸಿದಷ್ಟೂ ಅವು ಅಪಾಯದಲ್ಲಿವೆ. ಹಾರ್ಡ್ ಡಿಸ್ಕ್ ವರ್ಷಗಟ್ಟಲೆ ಧೂಳು, ಸೆಕೆ, ತೇವಗಳಲ್ಲಿ ಬಿದ್ದಿದ್ದರೆ ಒಂದು ದಿನ ತೆರೆಯದೇ ಹೋಗಬಹುದು. ಹಳೆಯ ನುಡಿ ಅಕ್ಷರಗಳಲ್ಲಿ ಬರೆದ ಕಡತವನ್ನು ಯೂನಿಕೋಡಿಗೆ ಪರಿವರ್ತಿಸದಿದ್ದರೆ ಹೊಸ ಯಂತ್ರದಲ್ಲಿ ಅದು ಅರ್ಥವಿಲ್ಲದ ಗುರುತುಗಳಾಗಿ ಕಾಣಿಸುತ್ತದೆ. ಆದುದರಿಂದ ಪತ್ರಗಳನ್ನು ಪ್ರತಿ ಮಾಡಿ, ಪರಿವರ್ತಿಸಿ, ಮುಖ್ಯವಾದವನ್ನು ಕಾಗದದ ಮೇಲೆ ಮುದ್ರಿಸಿ ತಾಯಿಯ ಕೈಗಿಡುವುದು ಮಗನ ಮೊದಲ ಕರ್ತವ್ಯ. ಮಮತೆಯನ್ನು ಕಿತ್ತೊಗೆಯಬೇಕಿಲ್ಲ, ಅದು ಸರಿಯಾದ ನೆಲೆಗೆ ಹೋದರೆ ಪೆಟ್ಟಿಗೆಯ ಮೇಲಿನ ಹಿಡಿತ ತಾನೇ ಸಡಿಲುತ್ತದೆ.

ಇನ್ನು ಸೊಸೆಯ ಮಾತು. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಶಾಸ್ತ್ರದಾನಕ್ಕೆ ಕನ್ನಡ ನಾಡಿನಲ್ಲಿ ದೊಡ್ಡ ಪರಂಪರೆಯಿದೆ. ಹತ್ತನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳು. ಆಕೆ ಹಂಚಿದ್ದು ಓದಬಹುದಾದ ಹೊಸ ಪ್ರತಿಗಳನ್ನು, ತನ್ನ ಮನೆಯಲ್ಲಿ ಹುಳು ತಿಂದ ಓಲೆಗಳನ್ನಲ್ಲ. ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರಿಂದ ದಾನದ ಫಲದಲ್ಲಿ ಭೇದವಾಗುತ್ತದೆಂದು ಶಾಸ್ತ್ರವು ಹೇಳುತ್ತದೆ. ಇಲ್ಲಿ ಪಾತ್ರವೇನೋ ಉತ್ತಮ, ದ್ರವ್ಯ ಹೇಗಿದೆ? ಓಡದ ಯಂತ್ರವನ್ನು ಶಾಲೆಗೆ ಕೊಟ್ಟರೆ ಅದು ದಾಸ್ತಾನು ಪುಸ್ತಕಕ್ಕೆ ಏರುತ್ತದೆ. ಒಮ್ಮೆ ಏರಿದ ವಸ್ತುವನ್ನು ಮುಖ್ಯೋಪಾಧ್ಯಾಯರು ಸುಲಭವಾಗಿ ಹೊರಹಾಕುವಂತಿಲ್ಲ. ಮಕ್ಕಳಿಗೆ ಕಲಿಕೆಯಾಗದು, ಕೊಠಡಿಯ ಒಂದು ಮೂಲೆ ಹೋಗುವುದು, ದಾನಿಯ ಮನೆಯ ಭಾರವು ಶಾಲೆಯ ಭಾರವಾಗುವುದು. ಅದು ದಾನವಲ್ಲ, ಪರಿಗ್ರಹದ ಸ್ಥಳಾಂತರ.

ಆದರೆ ಎಲ್ಲ ಹಳೆಯ ಕಂಪ್ಯೂಟರುಗಳೂ ಹೀಗಲ್ಲ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೂ ಸಾಮಾನ್ಯ ಬೆಂಬಲ ನಿಂತಿತು. ಅಂಥ ಯಂತ್ರಗಳಲ್ಲಿ ಬಹಳಷ್ಟು ಗಟ್ಟಿಮುಟ್ಟಾಗಿಯೇ ಇವೆ. ಉಚಿತವಾಗಿ ದೊರೆಯುವ ಲಿನಕ್ಸ್ ಅಳವಡಿಸಿ, ಮೆಮೊರಿ ಹೆಚ್ಚಿಸಿದರೆ ಒಬ್ಬ ವಿದ್ಯಾರ್ಥಿಯ ಓದುಬರಹಕ್ಕೆ ಇನ್ನೂ ಕೆಲವು ವರ್ಷ ಸಾಕಾಗಬಹುದು. ಅಂಥದನ್ನು ದುರಸ್ತಿ ಮಾಡಿಸಿ, ಓಡಿಸಿ ತೋರಿಸಿ, ‘ನಿಮಗೆ ಇದು ಬೇಕೇ’ ಎಂದು ಕೇಳಿ ಕೊಟ್ಟರೆ ಅದು ಜ್ಞಾನದಾನ. ದುರಸ್ತಿಯ ಖರ್ಚು ದಾತೃವಿನದೇ ಆಗಿರಬೇಕು.

ಮೂರನೆಯದು ಮಗನ ಮಾತು. ಗುಜರಿ ಅಂಗಡಿಯವರು ಬಡತನದಲ್ಲಿ ಪ್ರಾಮಾಣಿಕವಾಗಿ ದುಡಿಯುವವರು. ಕಬ್ಬಿಣ, ಕಾಗದ, ಪಾತ್ರೆಗಳಿಗೆ ಅವರೇ ದಾರಿ. ಕಂಪ್ಯೂಟರಿನ ವಿಚಾರ ಬೇರೆ. ಹಳೆಯ ದಪ್ಪ ಪರದೆಯ ಗಾಜಿನಲ್ಲಿ ಸೀಸವಿದೆ. ಸರ್ಕ್ಯೂಟ್ ಫಲಕದ ಬೆಸುಗೆಯಲ್ಲಿ ಸೀಸ, ಪ್ಲಾಸ್ಟಿಕ್ಕಿನಲ್ಲಿ ಬೆಂಕಿ ತಡೆಯುವ ಬ್ರೋಮಿನ್ ಸಂಯುಕ್ತಗಳಿವೆ. ಕೆಲವು ತೆಳು ಪರದೆಗಳ ದೀಪದಲ್ಲಿ ಪಾದರಸವಿದೆ. ತಾಮ್ರಕ್ಕಾಗಿ ತಂತಿಯ ಹೊದಿಕೆಯನ್ನು ಸುಟ್ಟರೆ ಡಯಾಕ್ಸಿನ್‌ನಂತಹ ವಿಷ ಏಳುತ್ತದೆ. ಚಿನ್ನಕ್ಕಾಗಿ ಫಲಕವನ್ನು ಆಮ್ಲದಲ್ಲಿ ಅದ್ದಿದರೆ ಉಳಿದ ದ್ರವ ಚರಂಡಿ ಸೇರುತ್ತದೆ. ಆ ಹೊಗೆ ಮೊದಲು ಹೊಕ್ಕುವುದು ಸುಡುವವನ, ಅವನ ಮಕ್ಕಳ ಉಸಿರಿಗೆ. ಆ ದ್ರವ ಇಳಿಯುವುದು ತೋಟದ ಮಣ್ಣಿಗೆ, ಕೆರೆಗೆ, ಕೊಳವೆಬಾವಿಗೆ.

‘ನಾವು ಸುಡಲಿಲ್ಲವಲ್ಲ’ ಎಂದು ಮಗ ಹೇಳಬಹುದು. ಹಿಂಸೆಯನ್ನು ಕೃತ, ಕಾರಿತ, ಅನುಮೋದನ ಎಂದು ಮೂರಾಗಿ ಎಣಿಸುವ ಧರ್ಮದಲ್ಲಿ ಆ ಸಮಾಧಾನ ನಿಲ್ಲದು. ಮುಂದೆ ಹೀಗಾಗಬಹುದೆಂದು ತಿಳಿದೂ ಕೊಟ್ಟರೆ ಎರಡನೆಯದರ ನೆರಳು ಮೈಮೇಲೆ ಬೀಳುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿವರಿಸುವ ಐದು ಅನರ್ಥದಂಡಗಳಲ್ಲಿ ಹಿಂಸಾದಾನವೂ ಪ್ರಮಾದಚರ್ಯೆಯೂ ಸೇರಿವೆ: ಹಿಂಸೆಗೆ ಸಾಧನವಾಗುವುದನ್ನು ಪರರ ಕೈಗಿಡುವುದು ಒಂದು, ನೆಲ ನೀರು ಬೆಂಕಿ ಗಾಳಿಗಳ ವಿಷಯದಲ್ಲಿ ಅಜಾಗರೂಕತೆ ಇನ್ನೊಂದು. ಪೃಥ್ವೀಕಾಯ, ಜಲಕಾಯಗಳಲ್ಲಿಯೂ ಜೀವವನ್ನು ಕಾಣುವವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಸೂಕ್ಷ್ಮವೂ ಇದೆ. ಆ ಡಿಸ್ಕಿನಲ್ಲಿ ಮಂಡಿಗೆ ಬಂದ ರೈತರ ಸಾಲ, ಬ್ಯಾಂಕ್ ಖಾತೆಗಳ ವಿವರಗಳಿವೆ. ಕಡತವನ್ನು ಅಳಿಸಿದ ಮಾತ್ರಕ್ಕೆ ಅವು ಹೋಗುವುದಿಲ್ಲ. ಬಲ್ಲವನು ಮರಳಿ ತೆಗೆಯಬಲ್ಲ. ಪರರ ಗುಟ್ಟು ಹೊರಹಾಕುವುದನ್ನು ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಲಾಗಿದೆ. ಅಳಿಸುವ ತಂತ್ರಾಂಶದಿಂದ ಡಿಸ್ಕಿನ ಮೇಲೆಲ್ಲ ಹೊಸದಾಗಿ ಬರೆಸುವುದು, ಇಲ್ಲವೇ ಅದನ್ನು ಬಿಚ್ಚಿ ನಿರುಪಯುಕ್ತಗೊಳಿಸಿ ಕೊಡುವುದು ನಂಬಿದವರಿಗೆ ಸಲ್ಲಬೇಕಾದ ಋಣ.

ಹಾಗಾದರೆ ದಾರಿ ಯಾವುದು? ಮುನಿಗಳ ಐದು ಸಮಿತಿಗಳಲ್ಲಿ ಆದಾನ-ನಿಕ್ಷೇಪಣ ಸಮಿತಿಯು ವಸ್ತುವನ್ನು ಎತ್ತಿಡುವಾಗಿನ ಎಚ್ಚರ. ಉತ್ಸರ್ಗ ಸಮಿತಿಯು ವಿಸರ್ಜಿಸುವಾಗಿನ ಎಚ್ಚರ. ಬಿಡುವುದಕ್ಕೂ ನಿರ್ಜಂತುಕ ಸ್ಥಳವನ್ನು ನೋಡಬೇಕೆನ್ನುವ ಆ ನಿಯಮ ಗೃಹಸ್ಥನಿಗೂ ಬೆಳಕು. ದೇಶದ ಕಾನೂನೂ ಈಗ ಅದೇ ದಿಕ್ಕಿನಲ್ಲಿದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳಂತೆ, ನೋಂದಾಯಿತ ಮರುಬಳಕೆ ಘಟಕಗಳೇ ಇದನ್ನು ಸಂಸ್ಕರಿಸಬೇಕು. ತಯಾರಕರಿಗೂ ಅದರ ಹೊಣೆಯಿದೆ. ತುಮಕೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯ ದಾಬಸ್‌ಪೇಟೆಯಲ್ಲಿಯೇ, ದೇಶದಲ್ಲಿ ಮೊದಲು ಅನುಮತಿ ಪಡೆದ ಘಟಕಗಳಲ್ಲಿ ಒಂದಾದ ಇ-ಪರಿಸರ ಇದೆ. ಒಂದು ಪೆಟ್ಟಿಗೆಗಾಗಿ ಅಷ್ಟು ದೂರ ಹೋಗುವುದು ಕಷ್ಟವಾದರೆ, ನಾಲ್ಕಾರು ಮನೆಗಳವರು ಒಟ್ಟುಗೂಡಿಸಿ ಒಮ್ಮೆಗೆ ಕಳುಹಿಸಬಹುದು. ಬಸದಿಯ ಸಮಾಜದವರು ವರ್ಷಕ್ಕೊಂದು ದಿನ ಇದಕ್ಕೆಂದು ಗೊತ್ತುಮಾಡಿದರೂ ಆದೀತು. ಒಂದು ಟನ್ ಫಲಕಗಳಲ್ಲಿ ಒಂದು ಟನ್ ಅದಿರಿಗಿಂತ ಹೆಚ್ಚು ಚಿನ್ನವಿರುತ್ತದೆ. ಅದನ್ನು ಕ್ರಮವಾಗಿ ಹೊರತೆಗೆದಷ್ಟೂ ಭೂಮಿಯನ್ನು ಅಗೆಯುವುದು ತಪ್ಪುತ್ತದೆ. ವಿಶ್ವಸಂಸ್ಥೆಯ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಉಂಟಾಯಿತು. ಕ್ರಮಬದ್ಧವಾಗಿ ಸಂಗ್ರಹಿಸಿ ಸಂಸ್ಕರಿಸಿದ್ದು ದಾಖಲಾಗಿರುವುದು ಶೇ. 22.3 ಮಾತ್ರ.

ಮುನಿಗಳ ನವಿಲುಗರಿಯ ಪಿಂಛಿಯೂ ಹಳತಾಗುತ್ತದೆ. ಚಾತುರ್ಮಾಸದ ಕೊನೆಯಲ್ಲಿ ನಡೆಯುವ ಪಿಂಛಿ ಪರಿವರ್ತನೆಯಲ್ಲಿ ಹೊಸದನ್ನು ಸ್ವೀಕರಿಸಿ, ಹಳೆಯದನ್ನು ವ್ರತನಿಯಮ ಕೈಗೊಂಡ ಗೃಹಸ್ಥರಿಗೆ ಕೊಡುತ್ತಾರೆ. ಒಂದು ಉಪಕರಣವು ಕೈಬಿಟ್ಟುಹೋಗುವಾಗ ಒಂದು ನಿಯಮವು ಹುಟ್ಟುತ್ತದೆ. ಅದೇ ಮೇಲ್ಪಂಕ್ತಿಯಲ್ಲಿ, ಹಳೆಯ ಕಂಪ್ಯೂಟರು ಮನೆಯಿಂದ ಹೋಗುವ ದಿನ ಮನೆಯವರು ಪರಿಗ್ರಹ ಪರಿಮಾಣದ ಚಿಕ್ಕ ನಿಯಮವೊಂದನ್ನು ಕೈಗೊಳ್ಳಬಹುದು: ಇರುವುದು ದುರಸ್ತಿಯಾಗುವವರೆಗೂ ಹೊಸದನ್ನು ಕೊಳ್ಳುವುದಿಲ್ಲ, ಒಂದು ಬಂದರೆ ಒಂದನ್ನು ಸರಿಯಾದ ಕೈಗೆ ಮುಟ್ಟಿಸದೆ ಇರುವುದಿಲ್ಲ.

ಅಟ್ಟದಿಂದ ಇಳಿಸುವ ಮುನ್ನ ಪೆಟ್ಟಿಗೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ವರ್ಷಗಟ್ಟಲೆ ನಿಂತ ಕಂಪ್ಯೂಟರಿನೊಳಗೆ ಇರುವೆ, ಜೇಡ, ಹಲ್ಲಿ ಮನೆ ಮಾಡಿರುತ್ತವೆ. ಅವನ್ನು ಮೆಲ್ಲಗೆ ಹೊರಗೆ ಬಿಟ್ಟು, ಮುದ್ರಿಸಿದ ಪತ್ರಗಳ ಕಟ್ಟನ್ನು ತಾಯಿಗೆ ಕೊಟ್ಟು, ಆ ಜಾಗವನ್ನು ಮೃದುವಾಗಿ ಗುಡಿಸಿದರೆ, ಈ ವರ್ಷದ ಕಾಯಿಗೆ ಅಟ್ಟದಲ್ಲಿ ಎಡೆಯಾಗುತ್ತದೆ.