ನಾಲ್ಕಾಣೆ ಗೊತ್ತು, ಹತ್ತು ಪೈಸೆ ಗೊತ್ತಿಲ್ಲ

ಒಂದು ಪೈಸೆಯಿಂದ ತೊಂಬತ್ತೊಂಬತ್ತು ಪೈಸೆಯವರೆಗೆ ಒಂದು ರೂಪಾಯಿಯ ಒಳಗಿರುವ ಮೊತ್ತಗಳಲ್ಲಿ ಕಂಪ್ಯೂಟರು ತನ್ನ ಮಾಮೂಲು ರೀತಿಯಲ್ಲಿ ಪೂರ್ತಿ ಸರಿಯಾಗಿ ಬರೆದಿಟ್ಟುಕೊಳ್ಳುವುದು ಮೂರನ್ನು ಮಾತ್ರ: 25, 50 ಮತ್ತು 75. ಹಿರಿಯರ ಮಾತಿನಲ್ಲಿ ನಾಲ್ಕಾಣೆ, ಎಂಟಾಣೆ, ಹನ್ನೆರಡಾಣೆ. ಉಳಿದ 96 ಮೊತ್ತಗಳು ಅದರೊಳಗೆ ಕೂದಲೆಳೆಯಷ್ಟು ಹೆಚ್ಚಾಗಿಯೋ ಕಡಿಮೆಯಾಗಿಯೋ ಕುಳಿತಿರುತ್ತವೆ. ಪರದೆಯ ಮೇಲೆ 0.10 ಎಂದು ಕಂಡರೂ ಒಳಗಿರುವುದು 0.1000000000000000055511151… ಹತ್ತು ಪೈಸೆಗೆ ಇಪ್ಪತ್ತು ಪೈಸೆ ಕೂಡಿಸು ಎಂದರೆ ಬಹಳಷ್ಟು ಪ್ರೋಗ್ರಾಮಿಂಗ್ ಭಾಷೆಗಳು 0.30000000000000004 ಎಂದು ಉತ್ತರ ಕೊಡುತ್ತವೆ.

ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಟಾವೆಲ್ ಮತ್ತು ಚಾದರ ನೇಯುವ ಕಾರ್ಖಾನೆಗಳಿಗೆ ಬಿಲ್ಲು, ಪಗಾರ, ನೂಲಿನ ದಾಸ್ತಾನು ಇವುಗಳ ಸಾಫ್ಟ್‌ವೇರ್ ಬರೆದುಕೊಡುವುದು ನನ್ನ ಕಸುಬು. ಅಕ್ಕಲಕೋಟ ತಾಲೂಕಿನ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ ಮಗ್ಗಿ ಕಲಿತವಳು ನಾನು. ಇಲ್ಲಿ ತೆರಿಗೆ ಸಲಹೆಗಾರರ ಹತ್ತಿರ ಮರಾಠಿ, ಮಗ್ಗದ ಹತ್ತಿರ ತೆಲುಗು, ಲೆಕ್ಕದ ಮೇಜಿನ ಹತ್ತಿರ ಹೆಚ್ಚಾಗಿ ಕನ್ನಡ ನಡೆಯುತ್ತದೆ. ಒಂದು ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ದಿವಾಣಜಿ, ನಾನು ಕಾಕಾ ಎಂದು ಕರೆಯುವವರು, ಹಳೆಯ ಸಾಫ್ಟ್‌ವೇರೊಂದರ ಬಿಲ್ಲು ಹಿಡಿದು ಕೇಳಿದ್ದರು: “ತಂಗಿ, ನಾ ಕೈಲೆ ಕೂಡಿಸಿದ್ರ ಬರೋಬ್ಬರಿ ಬರ್ತದ. ಮಶೀನ್ ಯಾಕ ಒಂದ್ ಪೈಸಾ ಕಮ್ಮಿ ತೋರಸ್ತದ?” ಆ ಪ್ರಶ್ನೆಗೆ ಪೂರ್ತಿ ಉತ್ತರ ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ. ಒಂದು ಪೈಸೆಯ ಹಿಂದೆ ಬಹಳ ಸಂಗತಿಗಳಿವೆ.

ಯಂತ್ರಕ್ಕೆ ಇರುವುದು ಎರಡೇ ಅಂಕಿ, ಸೊನ್ನೆ ಮತ್ತು ಒಂದು. ಹೀಗಾಗಿ ಪೂರ್ಣಾಂಕಕ್ಕಿಂತ ಸಣ್ಣದನ್ನು ಅದು ಅರ್ಧ, ಕಾಲು, ಅರೆಕಾಲು, ಹದಿನಾರನೇ ಒಂದು, ಮೂವತ್ತೆರಡನೇ ಒಂದು ಎಂದು ಅರ್ಧರ್ಧ ಮಾಡುತ್ತಾ ಅಳೆಯುತ್ತದೆ. ಹತ್ತು ಪೈಸೆಯನ್ನು ಈ ತುಂಡುಗಳಿಂದ ಕಟ್ಟಿ ನೋಡಿ. ಹದಿನಾರನೇ ಒಂದಕ್ಕೆ ಮೂವತ್ತೆರಡನೇ ಒಂದು ಸೇರಿದರೆ 0.09375. ಅದಕ್ಕೆ 256ನೇ ಒಂದು ಸೇರಿದರೆ 0.09765625. 512ನೇ ಒಂದನ್ನೂ ಸೇರಿಸಿದರೆ 0.099609375. ಹತ್ತಿರ ಹೋಗುತ್ತಲೇ ಇರುತ್ತದೆ, ಮುಟ್ಟುವುದಿಲ್ಲ. ಹತ್ತು ಎಂದರೆ ಎರಡು ಗುಣಿಲೆ ಐದು. ಆ ಐದನ್ನು ಅರ್ಧಗಳ ಸಾಲು ಎಷ್ಟು ಉದ್ದವಾದರೂ ಕೊಡಲಾರದು. ಇಂದಿನ ಯಂತ್ರಗಳು 1985ರ ಐಇಇಇ 754 ಎಂಬ ಮಾನಕವನ್ನು ಅನುಸರಿಸಿ ಇಂಥ ಸಂಖ್ಯೆಗೆ 53 ದ್ವಿಮಾನ ಅಂಕಿಗಳ ಜಾಗ ಕೊಡುತ್ತವೆ. ನಮ್ಮ ಎಣಿಕೆಯಲ್ಲಿ ಅದು ಹದಿನೈದರಿಂದ ಹದಿನೇಳು ಅಂಕಿ. ಅಲ್ಲಿಗೆ ಕತ್ತರಿಸಲೇಬೇಕು.

ಇದರಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ ಒಂದಿದೆ. 1957ರ ಏಪ್ರಿಲ್ 1ಕ್ಕೆ ಮೊದಲು ನಮ್ಮ ರೂಪಾಯಿಗೆ ಹದಿನಾರು ಆಣೆ, ಅರವತ್ತನಾಲ್ಕು ಪೈಸೆ. ಹದಿನಾರೂ ಅರವತ್ತನಾಲ್ಕೂ ಎರಡನ್ನೇ ಗುಣಿಸುತ್ತಾ ಹೋದರೆ ಸಿಗುವ ಸಂಖ್ಯೆಗಳು. ಅಂದರೆ ಸೊಲ್ಲಾಪುರದ ಹಳೆಯ ಗಿರಣಿಗಳ ಕಿರ್ದಿಯಲ್ಲಿ ಆಣೆ-ಪೈಸೆಯಲ್ಲಿ ಬರೆದ ಯಾವ ಪಗಾರವನ್ನಾದರೂ ಇಂದಿನ ಕಂಪ್ಯೂಟರು ಕಿಂಚಿತ್ತೂ ತಪ್ಪದೆ ಇಟ್ಟುಕೊಂಡೀತು. ರೂಪಾಯಿಗೆ 192ರಂತೆ ಇದ್ದ ಪೈ ಮಾತ್ರ ತೊಡಕು, ಅದರಲ್ಲಿ ಮೂರು ಅಡಗಿದೆ. ಮನುಷ್ಯರಿಗೆ ಲೆಕ್ಕ ಸುಲಭವಾಗಲೆಂದು ತಂದ ನೂರು ನಯಾ ಪೈಸೆಯೇ ಯಂತ್ರಕ್ಕೆ ಕಷ್ಟವಾಯಿತು.

ಕಾಕಾ ಅವರ ಒಂದು ಪೈಸೆಗೆ ಬರೋಣ. ಕೈ ಒರೆಸುವ ಸಣ್ಣ ನ್ಯಾಪ್ಕಿನ್‌ಗೆ 41 ರೂಪಾಯಿ, ತೆರಿಗೆ ಶೇ. 5 ಎಂದಿಟ್ಟುಕೊಳ್ಳಿ. ಪಂಢರಪುರದ ವ್ಯಾಪಾರಿಗೆ ಮಾರಿದರೆ ಒಂದೇ ರಾಜ್ಯ, ಆದ್ದರಿಂದ ತೆರಿಗೆ ಎರಡು ಪಾಲಾಗುತ್ತದೆ: ಕೇಂದ್ರಕ್ಕೆ ಶೇ. 2.5, ರಾಜ್ಯಕ್ಕೆ ಶೇ. 2.5. ಒಂದೊಂದು ಪಾಲು 1.025 ರೂಪಾಯಿ. ಅರ್ಧ ಪೈಸೆಯನ್ನು ಮೇಲಕ್ಕೆ ಏರಿಸುವುದು ನಮ್ಮ ರೂಢಿ, ಹೀಗಾಗಿ ಕಾಕಾ 1.03 ಬರೆಯುತ್ತಾರೆ. ಯಂತ್ರದೊಳಗೆ 1.025 ಎಂಬುದು 1.0249999999999999… ಆಗಿ ಕುಳಿತಿದೆ. ಅರ್ಧಕ್ಕಿಂತ ಕಡಿಮೆ ಎಂದು ಅದು 1.02ಕ್ಕೆ ಇಳಿಸುತ್ತದೆ. ಯಂತ್ರ ತನ್ನ ನಿಯಮವನ್ನು ಸರಿಯಾಗಿಯೇ ಪಾಲಿಸಿತು. ಅದಕ್ಕೆ ಕೊಟ್ಟ ಸಂಖ್ಯೆಯೇ ಬೇರೆಯಾಗಿತ್ತು.

ಇದಕ್ಕೆ ಪರಿಹಾರ ಹಳೆಯದು. ವ್ಯಾಪಾರದ ಲೆಕ್ಕಕ್ಕೆಂದು 1959-60ರಲ್ಲಿ ರೂಪುಗೊಂಡ ಕೋಬಾಲ್ ಭಾಷೆಯಲ್ಲೇ ದಶಮಾಂಶದ ಲೆಕ್ಕ ಇತ್ತು. ಇಂದು ಜಾವಾದಲ್ಲಿ ಬಿಗ್‌ಡೆಸಿಮಲ್ ಇದೆ, ಡೇಟಾಬೇಸುಗಳಲ್ಲಿ ನ್ಯೂಮರಿಕ್ ಇದೆ, ನಾನು ಬಳಸುವ ಪೈಥಾನ್‌ನಲ್ಲಿ 2004ರಿಂದ ಡೆಸಿಮಲ್ ಇದೆ. ಪೈಥಾನ್‌ನ ಡೆಸಿಮಲ್, ಐಬಿಎಂನ ಮೈಕ್ ಕೌಲಿಶಾ ಬರೆದ ನಿಯಮಾವಳಿಯ ಮೇಲೆ ನಿಂತಿದೆ. ದಶಮಾಂಶವನ್ನು 2008ರಲ್ಲಿ ಐಇಇಇ ಮಾನಕವೂ ಸೇರಿಸಿಕೊಂಡಿತು. ಒಳಗಿನ ಉಪಾಯ ಸರಳ: 1.025 ಎಂಬುದನ್ನು 1025 ಎಂಬ ಪೂರ್ಣಾಂಕವಾಗಿಯೂ ‘ಬಲದಿಂದ ಮೂರನೇ ಅಂಕಿಯ ಮುಂದೆ ಬಿಂದು’ ಎಂಬ ಗುರುತಾಗಿಯೂ ಎರಡು ಭಾಗ ಮಾಡಿ ಇಟ್ಟುಕೊಳ್ಳುವುದು. ಕೂಡುವುದು, ಗುಣಿಸುವುದು ಎಲ್ಲವೂ ಪೂರ್ಣಾಂಕಗಳ ಮೇಲೆ, ಬಿಂದುವಿನ ಲೆಕ್ಕ ಬೇರೆ. ದಿವಾಣಜಿ ಕಾಗದದ ಮೇಲೆ ಮಾಡುವುದೂ ಇದನ್ನೇ. 1.30ಕ್ಕೆ 1.20 ಕೂಡಿಸಿದರೆ ಉತ್ತರ 2.50 ಎಂದೇ ಬರುತ್ತದೆ, ಕೊನೆಯ ಸೊನ್ನೆಯೂ ಉಳಿಯುತ್ತದೆ. ಇದನ್ನು ಮೊದಲು ತೋರಿಸಿದಾಗ ಕಾಕಾ ಅವರ ಮುಖ ಅರಳಿತು.

ಹೊಸದಾಗಿ ಕಲಿಯುವವರು ಒಂದು ಕಡೆ ಎಚ್ಚರವಾಗಿರಬೇಕು. ಪೈಥಾನ್‌ನ ಡೆಸಿಮಲ್‌ಗೆ 0.1 ಅನ್ನು ಉದ್ಧರಣ ಚಿಹ್ನೆಯ ಒಳಗೆ, ಪಠ್ಯವಾಗಿ ಕೊಡಬೇಕು. ಬರಿದೇ ಕೊಟ್ಟರೆ ಅದು ಮೊದಲು ಅರ್ಧಗಳ ರೂಪಕ್ಕೆ ಹೋಗಿ ಕೆಡುತ್ತದೆ, ಆಮೇಲೆ ಆ ಕೆಟ್ಟ ಸಂಖ್ಯೆಯನ್ನೇ ಡೆಸಿಮಲ್ ನಿಷ್ಠೆಯಿಂದ ಐವತ್ತಕ್ಕೂ ಹೆಚ್ಚು ಅಂಕಿಗಳವರೆಗೆ ಹಿಡಿದುಕೊಳ್ಳುತ್ತದೆ.

ಎಷ್ಟು ಅಂಕಿ ಬೇಕೆಂದು ನಾವೇ ಹೇಳಬಹುದು. ಏನೂ ಹೇಳದಿದ್ದರೆ ಪೈಥಾನ್ 28 ಅಂಕಿ ಇಟ್ಟುಕೊಳ್ಳುತ್ತದೆ. ಇಪ್ಪತ್ತೆಂಟು ಎಂದರೆ ಎಷ್ಟು ಎಂದು ವಿದ್ಯಾರ್ಥಿಗಳು ಕೇಳಿದಾಗ ನಾನು ಬೆಂಗಳೂರಿನ ಶಕುಂತಲಾ ದೇವಿಯವರನ್ನು ನೆನೆಯುತ್ತೇನೆ. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಅವರಿಗೆ ಹದಿಮೂರು ಅಂಕಿಗಳ ಎರಡು ಸಂಖ್ಯೆ ಕೊಟ್ಟರು: 7686369774870 ಮತ್ತು 2465099745779. ಅವರು 28 ಸೆಕೆಂಡಿನಲ್ಲಿ ಹೇಳಿದ ಗುಣಲಬ್ಧ 18947668177995426462773730, ಇಪ್ಪತ್ತಾರು ಅಂಕಿ. ಅದೇ ಲೆಕ್ಕವನ್ನು ಬಿಂದುವಿರುವ ಮಾಮೂಲು ಸಂಖ್ಯೆಗಳಾಗಿ ಕೊಟ್ಟರೆ ಯಂತ್ರದ ಉತ್ತರದಲ್ಲಿ ಮೊದಲ ಹದಿನಾರು ಅಂಕಿಗಳ ಆಚೆ ನೆಚ್ಚುವಂತಿಲ್ಲ, ಕೊನೆಯ ಒಂಬತ್ತು-ಹತ್ತು ಅಂಕಿ ಹೋದಂತೆಯೇ. ಎಕ್ಸೆಲ್ ಹಾಳೆಯಲ್ಲಿ ಹದಿನಾರು ಅಂಕಿಯ ಸಂಖ್ಯೆಯೊಂದನ್ನು ಬರೆದು ನೋಡಿ, ಕೊನೆಯ ಅಂಕಿ ಸೊನ್ನೆಯಾಗಿ ನಿಲ್ಲುತ್ತದೆ. ಡೆಸಿಮಲ್‌ನ 28 ಅಂಕಿಯಲ್ಲಿ ಶಕುಂತಲಾ ದೇವಿಯವರ ಉತ್ತರ ಇಡಿಯಾಗಿ ಹಿಡಿಯುತ್ತದೆ, ಇನ್ನೂ ಎರಡು ಅಂಕಿಗೆ ಜಾಗ ಉಳಿಯುತ್ತದೆ.

ಕಾರ್ಖಾನೆಗೆ ಇಷ್ಟು ಅಂಕಿ ಯಾಕೆ ಬೇಕು? ಹೊಸ ಮಗ್ಗಕ್ಕೆಂದು ಮಾಲಕರು ವರ್ಷಕ್ಕೆ ಶೇ. 12ರ ಬಡ್ಡಿಯಲ್ಲಿ ಲಕ್ಷ ರೂಪಾಯಿ ಸಾಲ ಪಡೆದು 60 ತಿಂಗಳ ಕಂತಿನಲ್ಲಿ ತೀರಿಸುತ್ತಾರೆ ಎನ್ನಿ. ಕಂತು ಲೆಕ್ಕ ಹಾಕಲು 1.01 ಅನ್ನು ಅದರಿಂದಲೇ ಗುಣಿಸುತ್ತಾ ಅರವತ್ತನೇ ಘಾತಕ್ಕೆ ಏರಿಸಬೇಕು. ಬಿಂದುವಿನ ನಂತರ ಎರಡೇ ಅಂಕಿಯಿದ್ದ ಸಂಖ್ಯೆ ಅಷ್ಟರಲ್ಲಿ 120 ಅಂಕಿಯಷ್ಟು ಬೆಳೆದಿರುತ್ತದೆ. ಅಷ್ಟನ್ನೂ ಉಳಿಸುವ ಅಗತ್ಯವಿಲ್ಲ. ಮಧ್ಯದಲ್ಲಿ ಧಾರಾಳವಾಗಿ ಅಂಕಿ ಇಟ್ಟುಕೊಂಡು, ಕೊನೆಗೊಮ್ಮೆ ಪೈಸೆಗೆ ತಂದರೆ ಕಂತು 2224.44 ರೂಪಾಯಿ. ಅರವತ್ತು ಕಂತಿಗೂ ಅದನ್ನೇ ಬರೆದರೆ ಸಾಲ ಸರಿಯಾಗಿ ಮುಗಿಯದು, ಕಡೆಯ ಕಂತಿನಲ್ಲಿ ಕೆಲವು ಪೈಸೆ ವ್ಯತ್ಯಾಸ ಮಾಡಬೇಕು.

ವರ್ಗಮೂಲ, ಲಾಗರಿದಮ್, ವೃತ್ತದ ಪರಿಧಿ ಇವುಗಳ ಅಂಕಿಗಳಿಗೆ ಸಾಮಾನ್ಯವಾಗಿ ಕೊನೆಯೇ ಇಲ್ಲ. ಅವನ್ನು ಬೇಕಾದಷ್ಟು ಅಂಕಿಗಳವರೆಗೆ ತೆಗೆಯುವ ವಿಧಾನ ಮಾತ್ರ ಚೆಂದ. ಹತ್ತರ ವರ್ಗಮೂಲ ಬೇಕೆಂದರೆ ಮೂರು ಎಂದು ಊಹಿಸಿ. ಹತ್ತನ್ನು ಮೂರರಿಂದ ಭಾಗಿಸಿ, ಬಂದದ್ದನ್ನೂ ಮೂರನ್ನೂ ಕೂಡಿಸಿ ಅರ್ಧ ಮಾಡಿದರೆ 3.1667. ಅದನ್ನೇ ಹೊಸ ಊಹೆಯಾಗಿ ಹಿಡಿದು ಮತ್ತೆ ಮಾಡಿದರೆ 3.16228. ಮೂರನೇ ಸಲಕ್ಕೆ 3.16227766016, ಬಿಂದುವಿನ ನಂತರ ಹನ್ನೊಂದು ಅಂಕಿ ಸರಿ. ಪ್ರತಿ ಸುತ್ತಿಗೂ ಸರಿಯಾದ ಅಂಕಿಗಳು ಸುಮಾರು ಇಮ್ಮಡಿಯಾಗುತ್ತವೆ, ನೂರು ಅಂಕಿಗೂ ಇನ್ನು ಕೆಲವೇ ಸುತ್ತು ಸಾಕು. ಪೈಥಾನ್‌ನ ಡೆಸಿಮಲ್‌ನಲ್ಲಿ ವರ್ಗಮೂಲ, ಘಾತ, ಲಾಗರಿದಮ್ ಸಿದ್ಧವಾಗಿವೆ. ಸೈನ್, ಕೊಸೈನ್ ಇಲ್ಲ; ಶ್ರೇಣಿಯ ಪದಗಳನ್ನು ಕೂಡುತ್ತಾ ನಾವೇ ಬರೆದುಕೊಳ್ಳಬೇಕು.

ಹತ್ತರ ವರ್ಗಮೂಲವನ್ನೇ ಆರಿಸಿಕೊಂಡದ್ದು ಬೇಕೆಂದೇ. ಸೊಲ್ಲಾಪುರದಿಂದ ಹೊರಟ ರೈಲು ಅಕ್ಕಲಕೋಟ ರೋಡ್, ದುಧನಿ, ಕಲಬುರಗಿ, ವಾಡಿ ದಾಟಿ ಹೋದರೆ ಮಳಖೇಡ. ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದಲ್ಲಿ ವೃತ್ತದ ಪರಿಧಿಗೆ ಎರಡು ಅಳತೆ ಕೊಡುತ್ತಾನೆ. ವ್ಯವಹಾರಕ್ಕೆ ವ್ಯಾಸದ ಮೂರು ಪಟ್ಟು, ಸೂಕ್ಷ್ಮ ಬೇಕಾದರೆ ಹತ್ತರ ವರ್ಗಮೂಲದಷ್ಟು ಪಟ್ಟು. ಆ ಸೂಕ್ಷ್ಮವೂ ಇಂದಿನ 3.14159ಕ್ಕೆ ಹೋಲಿಸಿದರೆ ದೂರವೇ ಇದೆ. ಆದರೆ ಯಾವ ಕೆಲಸಕ್ಕೆ ಎಷ್ಟು ನಿಖರತೆ ಎಂಬುದನ್ನು ಮೊದಲು ಗೊತ್ತು ಮಾಡಿಕೊಳ್ಳುವ ಆ ಪದ್ಧತಿಯನ್ನು ನಾನು ಮನಸಾರೆ ಗೌರವಿಸುತ್ತೇನೆ. ಭಿನ್ನರಾಶಿಗೆ ಮೀಸಲಾದ ‘ಕಲಾಸವರ್ಣ’ದಲ್ಲಿ ಛೇದಗಳ ಲಘುತಮ ಸಾಮಾನ್ಯ ಗುಣಕ ತೆಗೆದು ಕೂಡುವ ಕ್ರಮವೂ ಇದೆ. ಡೆಸಿಮಲ್‌ಗೂ ಎಟುಕದ ಮೂರನೇ ಒಂದು, ಏಳನೇ ಒಂದು ಬಂದಾಗ ಪೈಥಾನ್‌ನ ಇನ್ನೊಂದು ಸಾಧನ ಫ್ರ್ಯಾಕ್ಷನ್, ಅಂಶ-ಛೇದಗಳನ್ನು ಹಾಗೆಯೇ ಇಟ್ಟುಕೊಂಡು ಇದೇ ಬಗೆಯಲ್ಲಿ ಲೆಕ್ಕ ಮಾಡುತ್ತದೆ.

ಎಲ್ಲ ಕೆಲಸಕ್ಕೂ ಡೆಸಿಮಲ್ ಬೇಕಿಲ್ಲ. ನೂಲಿನ ಚೀಲವನ್ನು ತೂಗುವ ಕಾಟಾ ಹತ್ತು ಗ್ರಾಮಿನಷ್ಟು ಮಾತ್ರ ಹೇಳುತ್ತದೆ. ಅಂಥ ತೂಕವನ್ನು 28 ಅಂಕಿಯಲ್ಲಿ ಗುಣಿಸಿದರೆ ನೂಲು ಹೆಚ್ಚು ನಿಖರವಾಗುವುದಿಲ್ಲ. ಮಗ್ಗದ ವೇಗ, ಡೈಯಿಂಗ್ ತೊಟ್ಟಿಯ ಉಷ್ಣಾಂಶ ಇವಕ್ಕೆಲ್ಲ ಅರ್ಧಗಳ ಲೆಕ್ಕವೇ ಉತ್ತಮ, ವೇಗವೂ ಹೆಚ್ಚು. ದುಡ್ಡಿನ ಮಾತೇ ಬೇರೆ. ದುಡ್ಡು ಅಳೆಯುವ ವಸ್ತುವಲ್ಲ, ಎಣಿಸುವ ವಸ್ತು.

ಡೆಸಿಮಲ್ ಬಂದೊಡನೆ ಎಲ್ಲ ಸರಿಹೋಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಆ 41 ರೂಪಾಯಿಯ ನ್ಯಾಪ್ಕಿನ್ನನ್ನೇ ವಿಜಯಪುರದ ವ್ಯಾಪಾರಿಗೆ ಮಾರಿದರೆ ರಾಜ್ಯ ಬೇರೆ, ತೆರಿಗೆ ಒಂದೇ ತುಂಡು: 2.05. ಪಂಢರಪುರಕ್ಕೆ 1.03 ಮತ್ತು 1.03 ಸೇರಿ 2.06. ಇಲ್ಲಿ ಯಂತ್ರದ ತಪ್ಪಿಲ್ಲ, ಒಡೆದು ಪೂರ್ಣಗೊಳಿಸಿದ್ದರ ಫಲ ಇದು. ಇನ್ನು, ಸರಿಯಾಗಿ ಅರ್ಧ ಬಂದಾಗ ಪೈಥಾನ್ ತಾನಾಗಿಯೇ ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ, 40.50 ಇದ್ದರೆ 40 ಮಾಡುತ್ತದೆ. ದೊಡ್ಡ ಪಟ್ಟಿಗಳಲ್ಲಿ ಮೇಲೆ-ಕೆಳಗೆ ಸಮವಾಗಲೆಂದು ಅಂಕಿಅಂಶದವರು ಮಾಡಿಕೊಂಡ ಒಳ್ಳೆಯ ಪದ್ಧತಿ ಅದು. ಆದರೆ ಕೇಂದ್ರ ಜಿಎಸ್‌ಟಿ ಕಾಯ್ದೆಯ 170ನೇ ಕಲಮು ಹೇಳುವುದು ಬೇರೆ: ತೆರಿಗೆಯ ಮೊತ್ತದಲ್ಲಿ 50 ಪೈಸೆ ಅಥವಾ ಹೆಚ್ಚಿದ್ದರೆ ಒಂದು ರೂಪಾಯಿಗೆ ಏರಿಸಬೇಕು, ಕಡಿಮೆಯಿದ್ದರೆ ಬಿಡಬೇಕು. ಅಲ್ಲಿ 40.50 ಎಂದರೆ 41. ಯಾವ ಕಡೆ ಹೊರಳಬೇಕೆಂದು ಪ್ರೋಗ್ರಾಮಿನಲ್ಲಿ ಬಾಯಿಬಿಟ್ಟು ಹೇಳಲೇಬೇಕು.

ಸದಾ ಒಂದೇ ಕಡೆ ಹೊರಳಿದರೆ ಏನಾಗುತ್ತದೆಂದು ಕೆನಡಾದ ವ್ಯಾಂಕೂವರ್ ಷೇರು ವಿನಿಮಯ ಕೇಂದ್ರ ತೋರಿಸಿತು. 1982ರ ಜನವರಿಯಲ್ಲಿ 1000ದಿಂದ ಶುರುವಾದ ಸೂಚ್ಯಂಕವನ್ನು ಪ್ರತಿ ವ್ಯವಹಾರದ ನಂತರ ಲೆಕ್ಕ ಹಾಕಿ, ಬಿಂದುವಿನ ಮೂರು ಅಂಕಿಯ ಆಚೆಯದನ್ನು ಕತ್ತರಿಸಿ ಬಿಸಾಡುತ್ತಿದ್ದರು. ದಿನಕ್ಕೆ ಸಾವಿರಾರು ವ್ಯವಹಾರ. 1983ರ ನವೆಂಬರಿಗೆ ಸೂಚ್ಯಂಕ 524.811ಕ್ಕೆ ಇಳಿದಿತ್ತು. ಸರಿಯಾಗಿ ಲೆಕ್ಕ ಮಾಡಿದಾಗ ಸಿಕ್ಕಿದ್ದು 1098.892.

ನನಗೆ ಹೆಚ್ಚು ಕಾಡುವುದು ಪಗಾರದ ಚೀಟಿ. ಟಾವೆಲ್ಲಿನ ಅಂಚು ಹೊಲಿಯುವ ಹೆಣ್ಣುಮಕ್ಕಳಿಗೆ ಡಜನ್ನಿನ ಲೆಕ್ಕದಲ್ಲಿ ಕೂಲಿ. ಉದಾಹರಣೆಗೆ ಡಜನ್ನಿಗೆ 4.25 ಎನ್ನಿ. ಒಂದು ನಗಕ್ಕೆ, ಅಂದರೆ ಒಂದು ಟಾವೆಲ್ಲಿಗೆ, 0.354166… ಇದನ್ನು ಮೊದಲೇ 0.35 ಮಾಡಿಕೊಂಡು ಆಮೇಲೆ ಗುಣಿಸಿದರೆ 400 ನಗಕ್ಕೆ 140 ರೂಪಾಯಿ. ಮೊದಲು ಗುಣಿಸಿ, ಕೊನೆಗೆ ಪೈಸೆಗೆ ತಂದರೆ 141.67. ದಿನಕ್ಕೆ ಒಂದು ರೂಪಾಯಿ 67 ಪೈಸೆ. 26 ದಿನಕ್ಕೆ 43 ರೂಪಾಯಿಯ ಮೇಲೆ. ಇದು ಯಂತ್ರದ ದ್ವಿಮಾನದ ದೋಷಕ್ಕಿಂತ ಎಷ್ಟೋ ಪಟ್ಟು ದೊಡ್ಡದು, ಆದರೂ ಯಾರ ಕಣ್ಣಿಗೂ ಬೀಳದು, ಏಕೆಂದರೆ ಚೀಟಿಯ ಮೇಲೆ ದರ 0.35 ಎಂದೇ ಅಚ್ಚಾಗಿರುತ್ತದೆ, ಗುಣಾಕಾರವೂ ಸರಿಯಾಗಿಯೇ ಕಾಣುತ್ತದೆ.

ಹೀಗಾಗಿ ನಾನು ಬರೆದ ಪಗಾರದ ಚೀಟಿಯಲ್ಲಿ ಡಜನ್ನಿನ ದರ, ನಗಗಳ ಎಣಿಕೆ, ಪೂರ್ಣಗೊಳಿಸುವ ಮೊದಲಿನ ಮೊತ್ತ, ಪೂರ್ಣಗೊಳಿಸಿದ್ದರಿಂದ ಎಷ್ಟು ಹೆಚ್ಚು ಅಥವಾ ಕಡಿಮೆ ಆಯಿತು ಎಂಬ ಸಾಲು ಎಲ್ಲವೂ ಇರುತ್ತವೆ. ಚೀಟಿ ಉದ್ದವಾಯಿತು, ಕಾಗದ ಹೆಚ್ಚು ಹೋಗುತ್ತದೆ ಎಂದು ಒಬ್ಬ ಮಾಲಕರು ಆ ಸಾಲು ತೆಗೆಯಲು ಹೇಳಿದರು. ಅಕ್ಷರ ಸಣ್ಣದು ಮಾಡಿಕೊಟ್ಟೆ, ಸಾಲು ತೆಗೆಯಲಿಲ್ಲ.