ದಕ್ಷಿಣದ ಬಾನಿನಲ್ಲಿ ನಮ್ಮ ಚಂದ್ರ

ಪರ್ತ್, ಅಡಿಲೇಡ್, ಬ್ರಿಸ್ಬೇನ್ ನಗರಗಳಲ್ಲಿ ನೆಲೆಸಿರುವ ನಮ್ಮಂತಹವರಿಗೆ ಯುಗಾದಿಯ ವೇಳೆಗೆ ಊರಿನಿಂದ ಬರುವ ಅಮೂಲ್ಯ ವಸ್ತುಗಳಲ್ಲಿ ಒಂಟಿಕೊಪ್ಪಲ್ ಪಂಚಾಂಗವೂ ಒಂದು. ಆ ಪುಸ್ತಕವನ್ನು ನಾವು ಶ್ರದ್ಧೆಯಿಂದ ತೆರೆಯುತ್ತೇವೆ. ಹಿತ್ತಲ ಬಾಗಿಲನ್ನು ತೆರೆದು ಆಕಾಶವನ್ನು ನೋಡುವುದು ಮಾತ್ರ ಅಪರೂಪ. ಪಂಚಾಂಗದಲ್ಲಿ ಯಾವುದು ಇಲ್ಲಿಗೂ ಸಲ್ಲುತ್ತದೆ, ಯಾವುದು ಸಲ್ಲದು ಎಂಬುದನ್ನು ಅರಿಯಲು ಈ ಎರಡನೆಯ ಅಭ್ಯಾಸವೂ ಅಗತ್ಯ.

2025ರ ಸೆಪ್ಟೆಂಬರ್ 7ರ ಭಾದ್ರಪದ ಹುಣ್ಣಿಮೆಯಂದು ಸಂಪೂರ್ಣ ಚಂದ್ರಗ್ರಹಣವಾಯಿತು. ಗ್ರಹಣದ ಮಧ್ಯಕಾಲ ಬೆಂಗಳೂರಿನಲ್ಲಿ ರಾತ್ರಿ 11 ಗಂಟೆ 41 ನಿಮಿಷ. ಅದೇ ಕ್ಷಣದಲ್ಲಿ ಪರ್ತ್‌ನ ಗಡಿಯಾರ ಮರುದಿನದ ನಸುಕಿನ 2.11ನ್ನು, ಅಡಿಲೇಡಿನದು 3.41ನ್ನು, ಬ್ರಿಸ್ಬೇನಿನದು 4.11ನ್ನು ತೋರಿಸುತ್ತಿತ್ತು. ಊರು ನಾಲ್ಕು, ತಾರೀಖು ಎರಡು. ಕೆಂಪಡರಿದ ಚಂದ್ರ ಒಬ್ಬನೇ.

ತಿಥಿಯ ವಿಷಯವೂ ಹೀಗೆಯೇ. ಸೂರ್ಯನಿಂದ ಚಂದ್ರ 12 ಅಂಶ ದೂರ ಸರಿಯುವ ಅವಧಿಯೇ ಒಂದು ತಿಥಿ. ಅದು ಇಡೀ ಭೂಮಿಗೆ ಒಂದೇ ಕ್ಷಣದಲ್ಲಿ ಆರಂಭವಾಗುತ್ತದೆ. ಆದರೆ ಚಂದ್ರೋದಯ ಊರೂರಿಗೂ ಬೇರೆ. ಉದಾಹರಣೆಗೆ, ಕೃಷ್ಣಪಕ್ಷದ ಚೌತಿ ಭಾರತದ ಕಾಲಮಾನದಂತೆ ಗುರುವಾರ ಸಂಜೆ 7ರಿಂದ ಶುಕ್ರವಾರ ಸಂಜೆ 7ರವರೆಗೆ ಇದೆಯೆಂದು ಭಾವಿಸೋಣ. ಬೆಂಗಳೂರಿನಲ್ಲಿ ಗುರುವಾರ ರಾತ್ರಿ ಮೂಡುವವನು ಚೌತಿಯ ಚಂದ್ರ. ಸಂಕಷ್ಟಹರ ಚತುರ್ಥಿ ಅಂದೇ. ಬ್ರಿಸ್ಬೇನಿನಲ್ಲಿ ಚೌತಿ ತೊಡಗುವಾಗ ಗುರುವಾರ ರಾತ್ರಿ 11.30. ಆ ಹೊತ್ತಿಗೆ ಅಲ್ಲಿ ತದಿಗೆಯ ಚಂದ್ರ ಮೂಡಿ ಮೇಲೇರಿರುತ್ತಾನೆ. ಅಲ್ಲಿಯವರ ಚೌತಿಯ ಚಂದ್ರೋದಯ ಶುಕ್ರವಾರ. ಹಗಲೆಲ್ಲ ಉಪವಾಸವಿದ್ದು ಊರಿನ ಗಂಟೆಯನ್ನೇ ನಂಬಿ ಅರ್ಘ್ಯ ಬಿಟ್ಟರೆ ಎದುರಿಗೆ ಚಂದ್ರನೇ ಇರಲಾರ. "ಅಜ್ಜಿ ನಿನ್ನೆಯೇ ಪೂಜೆ ಮುಗಿಸಿದರಲ್ಲ, ನಾವೇಕೆ ಇಂದು?" ಎಂದು ಮಕ್ಕಳು ಕೇಳಿದಾಗ ಈ ಲೆಕ್ಕವನ್ನು ತಿಳಿಹೇಳುವುದು ತಾಯಂದಿರ ಹೊಣೆ. ಉತ್ತರ ಸಿಗದ ಮಕ್ಕಳಿಗೆ ಪಂಚಾಂಗ ಗೋಡೆಯ ಅಲಂಕಾರವಾಗಿಯಷ್ಟೇ ಉಳಿದೀತು.

ಇಲ್ಲಿ ಚಂದ್ರನ ನೋಟವೂ ಬೇರೆ. ಊರಿನಲ್ಲಿ ನೆತ್ತಿಯ ಆಸುಪಾಸಿನಲ್ಲಿ ಸಾಗುವವನು ಇಲ್ಲಿ ಬಹುಮಟ್ಟಿಗೆ ಉತ್ತರದ ಬಾನಿನಲ್ಲಿ ಸಾಗುತ್ತಾನೆ. ಶುಕ್ಲಪಕ್ಷದ ಅಷ್ಟಮಿಯಂದು ಉತ್ತರಕ್ಕೆ ಮುಖಮಾಡಿ ನಿಂತರೆ ಅವನ ಎಡಭಾಗ ಬೆಳಗಿರುತ್ತದೆ. ಹುಣ್ಣಿಮೆಯ ನಡುರಾತ್ರಿ ಅವನೊಳಗಿನ ಮೊಲ ತಲೆಕೆಳಗಾಗಿರುತ್ತದೆ. ಗಣೇಶನ ಚೌತಿಯ ಸಂಜೆಯಂತೂ ಅವನ ಕಣ್ಣು ತಪ್ಪಿಸುವುದು ಕಷ್ಟ. ಊರಿನಲ್ಲಿ ಮಳೆಗಾಲದ ಮೋಡಗಳು ನೆರವಾಗುತ್ತವೆ. ಇಲ್ಲಿಯ ವಸಂತದಲ್ಲಿ ಅವನು ವಾಯವ್ಯದಲ್ಲಿ ಎತ್ತರದಲ್ಲಿ ನಿಂತು ನಿಧಾನವಾಗಿ ಇಳಿಯುತ್ತಾನೆ.

ಗ್ರಹಗಳೂ ಇದೇ ಉತ್ತರದ ದಾರಿಯ ಪಯಣಿಗರು. ಅವುಗಳ ರಾಶಿ ಮಾತ್ರ ಊರಿನಲ್ಲಿ ಇರುವುದೇ. 2020ರ ಡಿಸೆಂಬರ್ 21ರಂದು ಮಕರರಾಶಿಯಲ್ಲಿ ಗುರು ಮತ್ತು ಶನಿ ಚಂದ್ರಬಿಂಬದ ಐದನೆಯ ಒಂದು ಪಾಲಿನಷ್ಟು ಸಮೀಪಕ್ಕೆ ಬಂದಾಗ, ಮೈಸೂರಿನವರೂ ಅಡಿಲೇಡಿನವರೂ ಮುಸ್ಸಂಜೆಯ ಪಡುವಣ ಬಾನಿನಲ್ಲೇ ಆ ಜೋಡಿಯನ್ನು ಅರಸಬೇಕಾಗಿತ್ತು.

ನಕ್ಷತ್ರಗಳು ಅಷ್ಟು ಉದಾರಿಗಳಲ್ಲ. ಆಸ್ಟ್ರೇಲಿಯಾದ ಯಾವ ಊರಿನಿಂದಲೂ ಧ್ರುವ ಕಾಣನು. ಅರುಂಧತಿ ಬ್ರಿಸ್ಬೇನಿನಲ್ಲಿ ಉತ್ತರ ದಿಗಂತದ ಮೇಲೆ ತುಸುವೇ ತಲೆಯೆತ್ತುತ್ತಾಳೆ. ಅಡಿಲೇಡಿನಲ್ಲಿ ಮೇಲೇಳುವುದೇ ಇಲ್ಲವೆನ್ನಬೇಕು. ಅಲ್ಲಿ ಮದುವೆಯ ಪುರೋಹಿತರು ವಧುವಿಗೆ ತೋರಿಸುವುದು ಬರಿಯ ದಿಕ್ಕನ್ನು. ಪ್ರತಿಯಾಗಿ, ಊರಿನಲ್ಲಿ ಬೇಸಗೆಯ ಇರುಳು ದಕ್ಷಿಣದಂಚಿನಲ್ಲಿ ಇಣುಕಿ ಮರೆಯಾಗುವ ತ್ರಿಶಂಕು ಅಡಿಲೇಡಿನಲ್ಲಿ ವರ್ಷವಿಡೀ ಅಸ್ತವಾಗದು. ಈ ದೇಶದ ಧ್ವಜದಲ್ಲೂ ಅವನಿದ್ದಾನೆ.

ಸಮ್ಮೇಳನದಿಂದ ಮನೆಗೆ ಮರಳಿದ ಬಳಿಕ, ಬಿದಿಗೆಯಿಂದ ಮೊದಲ್ಗೊಂಡು ಒಂದು ವಾರ ಸಂಜೆಯಲ್ಲಿ ಮಕ್ಕಳೊಡನೆ ಅಂಗಳಕ್ಕೆ ಬನ್ನಿ. ಚಂದ್ರ ದಿನಕ್ಕೆ ಸುಮಾರು 13 ಅಂಶ ಪೂರ್ವಕ್ಕೆ ಸರಿಯುತ್ತಾನೆ; ದಾರಿಯಲ್ಲಿ ಅವನ ಪಕ್ಕ ಮಿನುಗದೆ ಸ್ಥಿರವಾಗಿ ಬೆಳಗುವ ಚುಕ್ಕೆ ಕಂಡರೆ ಅದು ಬಹುಶಃ ಗ್ರಹ. ಹೆಸರು ತಿಳಿಯದಿದ್ದರೆ ಪಂಚಾಂಗದಲ್ಲಿ ಅಂದಿನ ಚಂದ್ರನ ರಾಶಿಯನ್ನೂ ಗ್ರಹಗಳ ರಾಶಿಗಳನ್ನೂ ಹೋಲಿಸಿ ನೋಡಿ. ದೂರದರ್ಶಕದ ಆಸೆಯಾದರೆ ಪರ್ತ್‌ನವರಿಗೆ ಬಿಕ್ಲಿಯ ವೀಕ್ಷಣಾಲಯವಿದೆ. ಬ್ರಿಸ್ಬೇನಿನಲ್ಲಿ 1978ರಿಂದ ಸರ್ ಥಾಮಸ್ ಬ್ರಿಸ್ಬೇನ್ ತಾರಾಲಯವಿದೆ. ಉಳಿದದ್ದಕ್ಕೆ ಬರಿಗಣ್ಣು ಸಾಕು.