ಗುಡ್ಡದ ಕೆಲಸ, ಕಡಲಾಚೆಯ ಗಡಿಯಾರ

ಸಕಲೇಶಪುರ, ಆಲೂರಿನ ಕಾಫಿ ತೋಟಗಳಲ್ಲಿ ಇವತ್ತಿಗೂ ಮಳೆಯನ್ನು ಇಂಚು, ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲೇ ಹೇಳುತ್ತಾರೆ. ‘ನಿಮ್ ಕಡೆ ಎಷ್ಟಾಯ್ತು?’ ಅಂದರೆ ‘ಒಂದು ಇಂಚು ನಲವತ್ತು ಸೆಂಟ್ಸ್’ ಎಂಬ ಉತ್ತರ ತಟ್ಟನೆ ಬರುತ್ತದೆ. ಬೆಳಿಗ್ಗೆ ಎದ್ದು ಅಳತೆ ನೋಡಿ ಪುಸ್ತಕದಲ್ಲಿ ಬರೆದಿಡುವ ಈ ಶಿಸ್ತು ಬ್ರಿಟಿಷ್ ಪ್ಲಾಂಟರುಗಳ ಕಾಲದ್ದು. ತೋಟ ಇಲ್ಲಿ, ಯಜಮಾನ ಕಡಲಾಚೆ ಇದ್ದಾಗ ಬರೆದಿಟ್ಟ ಅಂಕಿಯೇ ಅವನ ಕಣ್ಣು. ಲಂಡನ್ನಿನಲ್ಲಿ ಇಬ್ಬರು, ಕ್ಯಾಲಿಫೋರ್ನಿಯಾದಲ್ಲಿ ನಾಲ್ವರು, ಬೆಂಗಳೂರಿನಲ್ಲಿ ಹತ್ತು ಜನ ಎಂದು ಹರಡಿಕೊಂಡ ತಂಡಗಳಿಗೆ ಈಗ ಇದೇ ಗುಡ್ಡಗಳಿಂದ ದುಡಿಯುವವರನ್ನು ಅರ್ಥ ಮಾಡಿಕೊಳ್ಳಲು ಆ ಮಳೆ ಪುಸ್ತಕದಿಂದಲೇ ಶುರು ಮಾಡಬೇಕು.

ಮಂಜರಾಬಾದ್ ಎಂದು ಕರೆಸಿಕೊಳ್ಳುತ್ತಿದ್ದ ಈ ಸೀಮೆಯಲ್ಲಿ ಸ್ಕಾಟ್ಲೆಂಡಿನ ರಾಬರ್ಟ್ ಎಚ್. ಎಲಿಯಟ್ 1850ರ ದಶಕದ ನಡುವಿನಲ್ಲಿ ಕಾಫಿ ಹಾಕಿದ. 1894ರಲ್ಲಿ ಅವನು ತಂದ ಪುಸ್ತಕದ ಉಪಶೀರ್ಷಿಕೆಯಲ್ಲಿ 38 ವರ್ಷಗಳ ಪ್ಲಾಂಟರ್ ಅನುಭವದ ಮಾತಿದೆ. ಆದರೆ ಆ ವರ್ಷಗಳೆಲ್ಲ ಅವನು ಇಲ್ಲೇ ಕೂತಿರಲಿಲ್ಲ. ಕೆಲ್ಸೋ ಪಟ್ಟಣದ ಹತ್ತಿರದ ಕ್ಲಿಫ್ಟನ್ ಪಾರ್ಕ್‌ನಲ್ಲೂ ಅವನಿಗೆ ಜಮೀನಿತ್ತು, ಅಲ್ಲಿನ ಬೇಸಾಯದ ಪ್ರಯೋಗಗಳಿಂದಲೂ ಹೆಸರಾದ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ, ಕಡಲ ತಳದ ತಂತಿ ಮುಂಬೈ ಮುಟ್ಟಿದ್ದು 1870ರಲ್ಲಿ. ಆಮೇಲೂ ಕಾಗದ ಹೋಗಿ ಬರಲು ವಾರಗಳೇ ಬೇಕು, ತಂತಿಗೆ ಪದಕ್ಕಿಷ್ಟು ಎಂದು ದುಡ್ಡು. ಕಾಂಡಕೊರಕ ಹೊಕ್ಕ ಗಿಡ ಕಿತ್ತು ಸುಡಬೇಕೋ, ನೆರಳು ಮರಗಳ ಕೊಂಬೆ ಸವರುವ ಮರಗಸಿ ಈಗಲೇ ಶುರು ಮಾಡಬೇಕೋ ಎಂದು ಸ್ಕಾಟ್ಲೆಂಡಿಗೆ ಬರೆದು ಉತ್ತರ ಕಾಯುತ್ತ ಕೂರಲಾಗದು. ಹೀಗಾಗಿ ತೋಟದಲ್ಲಿ ಇದ್ದವನೇ ತೀರ್ಮಾನ ಮಾಡುವುದು, ಮಾಡಿದ್ದನ್ನು ಬರೆದಿಡುವುದು ಎಂಬ ಪದ್ಧತಿ ಬೇರೂರಿತು. ಲೆಕ್ಕ ಬರೆಯುವ ರೈಟರ್ ಎಂಬ ಹುದ್ದೆ, ಚೆಕ್‌ರೋಲ್ ಎಂಬ ಹಾಜರಿ ಪುಸ್ತಕ, ಯಾವ ಬ್ಲಾಕಿಗೆ ಎಷ್ಟು ಆಳು ಎಂಬ ದಿನದ ಲೆಕ್ಕ, ತಿಂಗಳ ವರದಿ ಇವೆಲ್ಲ ತೋಟದ ಬದುಕಿನ ಭಾಗವೇ ಆದವು.

ಆ ಪದ್ಧತಿಯನ್ನು ಹೊಗಳಿ ಸುಮ್ಮನಾಗಲು ಮನಸ್ಸು ಒಪ್ಪುವುದಿಲ್ಲ. ಲೈನ್ ಮನೆಗಳಲ್ಲಿದ್ದ ಕೂಲಿಯಾಳುಗಳು ಆ ಪುಸ್ತಕಗಳಲ್ಲಿ ಹಾಜರಿ ಮತ್ತು ಕೂಲಿಯಾಗಿ ಮಾತ್ರ ಕಾಣುತ್ತಾರೆ. ಯಜಮಾನ ದೂರವಿದ್ದುದರ ಭಾರ ಹೊತ್ತವರು ಅವರು. ದೂರದ ಕೆಲಸ ಎಂದಾಗಲೆಲ್ಲ ಆ ಭಾರ ಯಾರ ಹೆಗಲ ಮೇಲಿದೆ ಎಂದು ಕೇಳಲೇಬೇಕು.

ಮುಂದಿನ ಕಥೆ ಬೇಗ ಹೇಳಬಹುದು. 1942ರ ಕಾಫಿ ಕಾಯ್ದೆ ಬಂದು ಬೆಳೆಯೆಲ್ಲ ಕಾಫಿ ಮಂಡಳಿಯ ಒಟ್ಟು ಸಂಗ್ರಹಕ್ಕೆ, ಅಂದರೆ ಪೂಲ್‌ಗೆ, ಹೋಗತೊಡಗಿತು. 1990ರ ದಶಕದಲ್ಲಿ ಆ ವ್ಯವಸ್ಥೆ ಸಡಿಲವಾಗಿ ಮುಗಿದ ಮೇಲೆ ಅರೇಬಿಕಾ ಬೆಳೆದವರು ನ್ಯೂಯಾರ್ಕ್ ದರವನ್ನೂ ರೊಬಸ್ಟಾ ಬೆಳೆದವರು ಲಂಡನ್ ದರವನ್ನೂ ನೋಡಿ ಮಲಗುವುದು ರೂಢಿಯಾಯಿತು. ಅಷ್ಟರಲ್ಲಿ ಬೆಂಗಳೂರಿನಲ್ಲಿ ಇನ್ನೊಂದು ಬಗೆಯ ದೂರದ ಕೆಲಸ ಮೊಳೆತಿತ್ತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಅಲ್ಲಿ ಕಚೇರಿ ತೆರೆದು ಉಪಗ್ರಹದ ಮೂಲಕ ಅಮೆರಿಕಕ್ಕೆ ಕೆಲಸ ಕಳಿಸತೊಡಗಿತು. ಅದರ ಉಪಕರಣ ಎತ್ತಿನ ಗಾಡಿಯಲ್ಲಿ ಬಂದ ಸಂಗತಿ ಈಗಲೂ ನೆನೆಯುವಂಥದ್ದು. ತೋಟದ ಮನೆಗಳ ಮಕ್ಕಳು ಓದಿ ಬೆಂಗಳೂರು ಸೇರಿದರು.

2020ರ ಮಾರ್ಚ್ ಲಾಕ್‌ಡೌನ್‌ನಲ್ಲಿ ಅವರು ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದರು. ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆ, ಹೊರಗುತ್ತಿಗೆ ಸೇವೆಯ ಕಂಪನಿಗಳಿಗಿದ್ದ ನೋಂದಣಿ, ಬ್ಯಾಂಕ್ ಗ್ಯಾರಂಟಿಯಂಥ ಕಟ್ಟುಪಾಡುಗಳನ್ನು ತೆಗೆದು, ಮನೆಯಿಂದಲೋ ಬೇರೆಲ್ಲಿಂದಲೋ ಕೆಲಸ ಮಾಡುವುದನ್ನು ಸುಲಭ ಮಾಡಿತು. ಹೀಗೆ ಎಲಿಯಟ್‌ನ ಕಾಲದ ಏರ್ಪಾಟು ಹೊಸ ರೂಪದಲ್ಲಿ ಗುಡ್ಡಕ್ಕೆ ಮರಳಿತು. ಆಗಲೂ ಯಜಮಾನ ದೂರ, ಈಗಲೂ ದೂರ. ವ್ಯತ್ಯಾಸವಿರುವುದು ಗಡಿಯಾರದಲ್ಲಿ. ಅಂಚೆಯ ಕಾಲದಲ್ಲಿ ಯಾರೂ ಯಾರಿಗಾಗಿಯೂ ರಾತ್ರಿ ಎದ್ದು ಕೂರಬೇಕಿರಲಿಲ್ಲ.

ಕ್ಯಾಲಿಫೋರ್ನಿಯಾದ ಬೆಳಗಿನ ಒಂಬತ್ತು ಗಂಟೆ ಬೇಸಿಗೆಯಲ್ಲಿ ನಮಗೆ ರಾತ್ರಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ. ಅಮೆರಿಕ ಗಡಿಯಾರ ಮುಂದೂಡುವುದು ಮಾರ್ಚ್‌ನ ಎರಡನೇ ಭಾನುವಾರ, ಯುರೋಪು ಕೊನೆಯ ಭಾನುವಾರ. ನಡುವಿನ ವಾರಗಳಲ್ಲಿ ಮೂರೂ ಕಡೆಯ ಲೆಕ್ಕ ತಾಳೆಯಾಗುವುದಿಲ್ಲ. ಇಲ್ಲಿ ಅದು ಕಾಫಿ ಅರಳಿಸುವ ಹೂ ಮಳೆ ಕಾಯುವ ಹೊತ್ತು. ಮಳೆ ಕೈಕೊಟ್ಟರೆ ರಾತ್ರಿಯಿಡೀ ಸ್ಪ್ರಿಂಕ್ಲರ್ ಬದಲಿಸಬೇಕು.

ಇದಕ್ಕಿಂತ ದೊಡ್ಡದು ಆನೆ. ಆಲೂರು, ಸಕಲೇಶಪುರದ ತೋಟಗಳಲ್ಲಿ ಕತ್ತಲಾದ ಮೇಲೆ ಓಡಾಟ ಜೀವದ ಪ್ರಶ್ನೆ. ಇಂಥ ಕಡೆ ಆನೆ ಇದೆ ಎಂಬ ಎಚ್ಚರಿಕೆ ಮೊಬೈಲಿಗೆ ಬರುತ್ತದೆ, ಆದರೆ ಸಿಗ್ನಲ್ ಹುಡುಕಿ ಗುಡ್ಡದ ನೆತ್ತಿಗೋ ಪೇಟೆಗೋ ಹೋದವರು ಮೀಟಿಂಗ್ ಮುಗಿಸಿ ತಿರುಗಿ ಬರುವ ದಾರಿಯೂ ಅದೇ. ಜುಲೈ ಮಳೆಯಲ್ಲಿ ಮರ ಬಿದ್ದು ಕರೆಂಟು ಹೋದರೆ ಎರಡು ಮೂರು ದಿನ ಬಾರದಿರುವುದೂ ಉಂಟು. ರಾತ್ರಿಯ ಮೀಟಿಂಗನ್ನು ಕ್ಯಾಲೆಂಡರಿನಲ್ಲಿ ಹಾಕುವವರಿಗೆ ಇದನ್ನು ತಿಳಿದುಕೊಳ್ಳುವ ಹೊಣೆಯಿದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ತಿಳಿದುಕೊಂಡವರೂ ಇದ್ದಾರೆ. ಗಿಟ್‌ಲ್ಯಾಬ್‌ನಂಥ ಕಂಪನಿ ಕಚೇರಿಯೇ ಇಲ್ಲದೆ ಹತ್ತಾರು ದೇಶಗಳಲ್ಲಿ ಹರಡಿ, ತನ್ನ ಕೆಲಸದ ರೀತಿಯನ್ನೆಲ್ಲ ಒಂದು ಕೈಪಿಡಿಯಲ್ಲಿ ಬರೆದು ಯಾರು ಬೇಕಾದರೂ ಓದುವಂತೆ ಇಟ್ಟಿದೆ. ತೀರ್ಮಾನ ಏನು, ಯಾಕೆ, ಮುಂದಿನ ಹೆಜ್ಜೆ ಯಾರದು ಎಂಬುದು ಬರಹದಲ್ಲಿದ್ದರೆ ಕರೆಂಟು ಬಂದ ಮೇಲೆ ಓದಿಕೊಂಡು ಕೆಲಸ ಹಿಡಿಯಬಹುದು. ಮಾತಿನಲ್ಲೇ ಎಲ್ಲ ತೀರ್ಮಾನವಾಗುವ ತಂಡದಲ್ಲಿ ಮಲೆನಾಡಿನವರು ಪ್ರತಿ ಮಳೆಗಾಲದಲ್ಲೂ ಹಿಂದೆ ಬೀಳುತ್ತಾರೆ, ಅದು ಅವರ ಸಾಮರ್ಥ್ಯದ ಕೊರತೆಯೆಂದು ದಾಖಲಾಗುವ ಅಪಾಯವೂ ಇದೆ. ಮುಖ ನೋಡಿ ಮಾತಾಡಲೇಬೇಕಾದ ಸಂದರ್ಭ ಖಂಡಿತ ಇರುತ್ತದೆ. ಆಗ ಸರದಿ ಇರಲಿ. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದವರು ಸಂಜೆ ಏಳೂವರೆಗೆ ಕೂತರೆ ಇಲ್ಲಿ ಮರುದಿನ ಬೆಳಿಗ್ಗೆ ಎಂಟು. ಅಷ್ಟೊತ್ತಿಗೆ ಬೆಳಕಾಗಿರುತ್ತದೆ, ದಾರಿ ಕಾಣುತ್ತದೆ, ತೋಟದ ಹಾಜರಿಯನ್ನೂ ಮುಗಿಸಿ ಬಂದು ಕೂರಬಹುದು.